ಅಪ್‌ಡೇಟ್: ಐರ್ಲೆಂಡ್‌ನಲ್ಲಿ ಸ್ವಂತ ಕೆಲಸ ನಿಂತ ಭಾವನ ವಿಷಯ

ಹಾಸನದಿಂದ ನಮಸ್ಕಾರ. ಹದಿನೈದು ದಿನದ ಹಿಂದೆ ಕೇಳಿದ್ದೆ. ಭಾವ ಗೋವಾದವರು, ಪೋರ್ಚುಗಲ್ ಪಾಸ್‌ಪೋರ್ಟ್ ಇದೆ, ಅಂದರೆ ಯುರೋಪಿಯನ್ ಒಕ್ಕೂಟದ ಪ್ರಜೆ. ಡಬ್ಲಿನ್‌ನಲ್ಲಿ ಮೂರು ವರ್ಷ ಸ್ವಂತವಾಗಿ ಪೇಂಟಿಂಗ್ ಕೆಲಸ ಮಾಡಿದರು, ಆಮೇಲೆ ಕೆಲಸವೇ ಸಿಗಲಿಲ್ಲ. ಅಕ್ಕ, ಭಾವ ವಾಪಸ್ ಬರಬೇಕಾ ಅಂತ.

ಬರಬೇಕಾಗಿಲ್ಲ! ಅಮ್ಮ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.

‘ಮೊದಲು ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ’ ಎಂದಿರಲ್ಲ, ಆ ಸಲಹೆಯೇ ಕೈಹಿಡಿಯಿತು. ಜೊತೆಗೆ ತೆರಿಗೆ ಕಾಗದ, ಹಳೇ ಬಿಲ್ಲುಗಳನ್ನೂ ಕೊಟ್ಟರು. ಕೆಲಸ ನಿಂತರೂ ಒಕ್ಕೂಟದ ಪ್ರಜೆಗೆ ಅಲ್ಲೇ ವಾಸಿಸುವ ಹಕ್ಕು ಉಳಿಯುವ ಈ ನಿಯಮ ಸಂಬಳದವರಿಗೆ ಮಾತ್ರ ಅಂತ ಒಬ್ಬರು ಹೇಳಿದ್ದರು. ಅದು ಸರಿಯಲ್ಲ. 2017ರ ಡಿಸೆಂಬರ್ 20ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿದೆ. ಅದೂ ಐರ್ಲೆಂಡ್‌ನದೇ ಕೇಸು, ರೊಮೇನಿಯಾದ ಒಬ್ಬ ಪ್ಲಾಸ್ಟರಿಂಗ್ ಕೆಲಸಗಾರರದ್ದು. ಒಂದು ವರ್ಷಕ್ಕಿಂತ ಜಾಸ್ತಿ ಸ್ವಂತ ದುಡಿಮೆ ಮಾಡಿ, ಕೈಮೀರಿದ ಕಾರಣಕ್ಕೆ ಕೆಲಸ ನಿಂತು, ಹೀಗೆ ಹೆಸರು ಬರೆಸಿದರೆ ವಾಸದ ಹಕ್ಕು ಉಳಿಯುತ್ತದೆ.

ಅಕ್ಕನಿಗೆ ಬೇರೆ ವರ್ಕ್ ಪರ್ಮಿಟ್ ಹುಡುಕುವ ಸಲಹೆ ನಡೆಯಲಿಲ್ಲ, ಯಾವ ಕಂಪನಿಯೂ ಉತ್ತರಿಸಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಅವಳದು ಭಾರತದ ಪಾಸ್‌ಪೋರ್ಟ್ ಆದರೂ ಹೆಂಡತಿಯಾಗಿ ಭಾವನ ಹಕ್ಕಿನ ಜೊತೆಗೇ ಅವಳ ಹಕ್ಕೂ ಉಳಿಯುತ್ತದೆ. ನನಗಿದು ಗೊತ್ತೇ ಇರಲಿಲ್ಲ.

ಒಂದು ಮಾತು: ಗಂಡ ಹೆಂಡತಿ ಇಬ್ಬರದೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಈ ದಾರಿ ಇಲ್ಲ. ಅವರಿಗೆ ವೀಸಾದ ಷರತ್ತೇ ಲೆಕ್ಕ.