ಆನ್ಸಿಬಲ್ ಪ್ಲೇಬುಕ್ ಸಿಕ್ಕಾಪಟ್ಟೆ ಸ್ಲೋ, ಯಾರಾದ್ರೂ ದಾರಿ ಹೇಳಿ

ತುಂಗಾದಡ:
ತೀರ್ಥಹಳ್ಳಿ ಮನೆಯಿಂದ್ಲೇ ಕೆಲ್ಸ, ಸರ್ವರ್‌ಗಳೆಲ್ಲ ಮುಂಬೈ ಕ್ಲೌಡಲ್ಲಿ, 40 ಉಬುಂಟು ಮಷಿನ್. ಆನ್ಸಿಬಲ್ ಪ್ಲೇಬುಕ್ (ಎಲ್ಲ ಸರ್ವರಲ್ಲೂ ತಾನಾಗೇ ಸೆಟಪ್ ಮಾಡೋ ಟಾಸ್ಕ್ ಪಟ್ಟಿ) ಓಡ್ಸಿದ್ರೆ ಮುಕ್ಕಾಲು ಗಂಟೆ, ಏನೂ ಚೇಂಜ್ ಇಲ್ದಿದ್ರೂ ಅಷ್ಟೇ ಹೊತ್ತು, ಅದ್ರ ಮೇಲೆ ಈ ಮಳೇಲಿ ಮಧ್ಯದಲ್ಲಿ ನೆಟ್ ಹೋದ್ರೆ ಮತ್ತೆ ಮೊದ್ಲಿಂದ. ಫೋರ್ಕ್ಸ್ (ಒಂದೇ ಸಲಕ್ಕೆ ಎಷ್ಟು ಮಷಿನಲ್ಲಿ ಓಡ್ಬೇಕು ಅನ್ನೋದು) 50 ಮಾಡ್ದೆ, ಸ್ವಲ್ಪ ಸುಧಾರಿಸ್ತು, ಆದ್ರೆ ಲ್ಯಾಪ್‌ಟಾಪ್ ಫ್ಯಾನ್ ಒಂದೇ ಸಮ ಕೂಗ್ತಿದೆ.

ಸಾಗರದ_ಮಾಣಿ:
ಡೀಫಾಲ್ಟ್ ಫೋರ್ಕ್ಸ್ ಬರೀ 5, ಅದನ್ನ ಏರ್ಸಿದ್ದು ಸರಿನೇ. ಆದ್ರೆ ಮೊದ್ಲು ಪ್ರೊಫೈಲ್ ಟಾಸ್ಕ್ಸ್ ಕಾಲ್‌ಬ್ಯಾಕ್ ಆನ್ ಮಾಡಿ ಮಾರಾಯ್ರೆ, ಯಾವ ಟಾಸ್ಕ್ ಎಷ್ಟು ಸೆಕೆಂಡ್ ತಿಂತು ಅಂತ ಕೊನೇಲಿ ಪಟ್ಟಿ ಕೊಡುತ್ತೆ, ಅದಿಲ್ದೆ ಏನ್ ತಿರುಗ್ಸಿದ್ರೂ ಕತ್ತಲಲ್ಲಿ ತಡಕಾಡೋದೇ. ಪೈಪ್‌ಲೈನಿಂಗ್ ಆನ್ ಇದ್ಯಾ? ಅದು ಡೀಫಾಲ್ಟಾಗಿ ಆಫ್. ಆಫ್ ಇದ್ರೆ ಪ್ರತಿ ಟಾಸ್ಕಿಗೂ ಆ ಕಡೆ ಟೆಂಪ್ ಫೋಲ್ಡರ್ ಮಾಡೋದು, ಮಾಡ್ಯೂಲ್ ಫೈಲ್ ಕಳ್ಸೋದು, ಓಡ್ಸೋದು, ಅಳ್ಸೋದು, ಎಲ್ಲದಕ್ಕೂ ಮುಂಬೈಗೆ ಹೋಗಿ ಬರ್ಬೇಕು. ಸುಡೋದಲ್ಲಿ (ಅಡ್ಮಿನ್ ಹಕ್ಕಲ್ಲಿ ಓಡ್ಸೋ ಕಮಾಂಡ್) ರಿಕ್ವೈರ್ ಟಿಟಿವೈ, ಅಂದ್ರೆ ಟರ್ಮಿನಲ್ ಇರ್ಲೇಬೇಕು ಅನ್ನೋ ಸೆಟ್ಟಿಂಗ್, ಇದ್ರೆ ಮಾತ್ರ ತಕರಾರು, ಉಬುಂಟುಲಿ ಅದಿರಲ್ಲ.

ಮಲ್ನಾಡ್_ಆಪ್ಸ್:
ಮನೆಯಿಂದ ಓಡ್ಸೋದೇ ಬಿಡಿ ನನ್ನ ಕೇಳಿದ್ರೆ. ಮುಂಬೈ ರೀಜನಲ್ಲೇ ಒಂದು ಸಣ್ಣ ವಿಎಂ (ವರ್ಚುವಲ್ ಮಷಿನ್) ಹಾಕಿ, ಟಿಮಕ್ಸ್ ಅನ್ನೋ ಟರ್ಮಿನಲ್ ಟೂಲ್ ಒಳಗೆ ಅಲ್ಲಿಂದ್ಲೇ ಓಡ್ಸಿ, ಇಲ್ಲಿ ನೆಟ್ಟು ಕರೆಂಟು ಏನ್ ಹೋದ್ರೂ ಅಲ್ಲಿ ಕೆಲ್ಸ ನಡೀತಿರುತ್ತೆ. ಮಿಟೋಜೆನ್ (ಆನ್ಸಿಬಲ್ ಸ್ಪೀಡ್ ಮಾಡೋ ಪ್ಲಗಿನ್) ಹಾಕಿ ಅಂತಾನೂ ಯಾರಾದ್ರೂ ಹೇಳ್ತಾರೆ, ಫಾಸ್ಟ್ ಹೌದು, ಆದ್ರೆ ಆನ್ಸಿಬಲ್ ವರ್ಶನ್ ಜೊತೆ ಹೊಂದಿಸ್ಕೊಂಡೇ ಇರ್ಬೇಕು, ಅದು ಕೊನೆಗಿರ್ಲಿ. ಎಪಿಟಿ (ಉಬುಂಟುಲಿ ಪ್ಯಾಕೇಜ್ ಹಾಕೋ) ಟಾಸ್ಕಲ್ಲಿ ಲೂಪ್ ಇದ್ರೆ ತೆಗ್ದು ಪ್ಯಾಕೇಜ್ ಎಲ್ಲ ಒಂದೇ ಲಿಸ್ಟಾಗಿ ಕೊಡಿ.

ತುಂಗಾದಡ:
ಪ್ರೊಫೈಲ್ ನೋಡಿ ದಂಗಾದೆ. ಅರ್ಧಕ್ಕಿಂತ ಜಾಸ್ತಿ ಟೈಮ್ ತಿಂತಿದ್ದದ್ದು ಒಂದೇ ಕಾಪಿ ಟಾಸ್ಕ್, ಹಿಂದಿನವ್ರು ಬರ್ದಿದ್ದು, ನೂರಾರು ಚಿಲ್ರೆ ಫೈಲಿರೋ ಫೋಲ್ಡರ್.

ಸಾಗರದ_ಮಾಣಿ:
ಹಾ, ಕಾಪಿ ಮಾಡ್ಯೂಲ್ ಒಂದೊಂದೇ ಫೈಲ್ ಚೆಕ್ ಮಾಡುತ್ತೆ, ಒಂದೊಂದೇ ಅಡಿಕೆ ಹಿಡ್ಕೊಂಡು ಶಿವಮೊಗ್ಗ ಮಂಡಿಗೆ ಹೋಗಿ ಬಂದಂಗೆ. ಸಿಂಕ್ರೊನೈಸ್ ಹಾಕಿ, ಒಳಗೆ ಆರ್‌ಸಿಂಕ್ ಓಡುತ್ತೆ, ಬದಲಾದದ್ದನ್ನ ಮಾತ್ರ ಒಟ್ಟಿಗೆ ಕಳ್ಸುತ್ತೆ.

ತುಂಗಾದಡ:
ಹಾಕ್ದೆ, ಪೈಪ್‌ಲೈನಿಂಗೂ ಆನ್, ಈಗ ಟೀ ಕುಡಿಯೋದ್ರೊಳಗೆ ಮುಗಿಯುತ್ತೆ. ವಿಎಂ ಈ ವಾರ ಕೇಳ್ತೀನಿ. ಫ್ಯಾಕ್ಟ್ಸ್ (ಆನ್ಸಿಬಲ್ ಸರ್ವರಿಂದ ತಗೊಳ್ಳೋ ಐಪಿ ಥರದ ಮಾಹಿತಿ) ಕ್ಯಾಶ್ ಮಾಡಿ ಇಟ್ಕೊಂಡ್ರೆ ಹಳೇ ಐಪಿನೇ ಉಳ್ಕೊಂಡ್ಬಿಡುತ್ತಾ?

ಮಲ್ನಾಡ್_ಆಪ್ಸ್:
ಉಳ್ಕೊಳ್ಳುತ್ತೆ, ಡೀಫಾಲ್ಟ್ ಟೈಮೌಟ್ 86400 ಸೆಕೆಂಡ್ ಅಂದ್ರೆ ಒಂದಿನ. ಸರ್ವರ್ ಬದಲಾಯ್ಸಿದ ದಿನ ಫ್ಲಶ್ ಕ್ಯಾಶ್ ಆಪ್ಶನ್ ಹಾಕಿ ಓಡ್ಸಿ.