ಸಂಧಿವಾತದ ಮಾತ್ರೆ ನಡೆಯುತ್ತಿರುವಾಗ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ (ಶಿರಸಿ):
ನನಗೆ 57 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ಬಹುಕಾಲದಿಂದ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದು, ಕಾಯಿಲೆ ಸದ್ಯ ಹತೋಟಿಯಲ್ಲಿದೆ. ವೈದ್ಯರು ಶಿಂಗ್ರಿಕ್ಸ್ ಎಂಬ ಸರ್ಪಸುತ್ತಿನ ಲಸಿಕೆಯನ್ನು ಸೂಚಿಸಿದ್ದಾರೆ. ನಮ್ಮ ಅತ್ತೆಯವರಿಗೆ ಸರ್ಪಸುತ್ತು ಆದಾಗ ಗುಳ್ಳೆಗಳು ಒಣಗಿ ತಿಂಗಳುಗಳು ಕಳೆದರೂ ಬೆನ್ನಿಗೆ ಸೆರಗು ತಾಗಿದರೆ ಸಾಕು, ಉರಿ ತಡೆಯಲಾರದೆ ನರಳುತ್ತಿದ್ದರು. ಹಾಗಾಗಿ ಲಸಿಕೆ ಬೇಡವೆಂಬ ಹಟ ನನಗಿಲ್ಲ. ಆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಮಾತ್ರೆ ನುಂಗುತ್ತಿರುವವರು ಅದೇ ಶಕ್ತಿಯನ್ನು ಎಚ್ಚರಿಸುವ ಲಸಿಕೆ ಪಡೆದರೆ ಗಂಟುಗಳ ಬಾವು ಮರುಕಳಿಸೀತೇ ಎಂಬ ಅಂಜಿಕೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಕುಮಟಾ):
ತಮ್ಮಂಥವರು ಮೊದಲು ಕೇಳಬೇಕಾದದ್ದು ಲಸಿಕೆಯಲ್ಲಿ ಜೀವಂತ ವೈರಾಣು ಇದೆಯೇ ಎಂಬುದನ್ನು. ಶಿಂಗ್ರಿಕ್ಸ್‌ನಲ್ಲಿ ಅದಿಲ್ಲ, ವೈರಾಣುವಿನ ಒಂದು ಪ್ರೋಟೀನ್ ಮತ್ತು ಪ್ರತಿಕ್ರಿಯೆಯನ್ನು ಬಲಪಡಿಸುವ ಸಹಾಯಕ ದ್ರವ್ಯ ಮಾತ್ರ ಇರುವುದರಿಂದ ಲಸಿಕೆಯಿಂದಲೇ ಸರ್ಪಸುತ್ತು ಬರುವುದು ಸಾಧ್ಯವಿಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬಾಗಿ (ಚಿಕನ್‌ಪಾಕ್ಸ್) ಬಂದ ವೈರಾಣು ನರಗಳ ಬುಡದಲ್ಲಿ ಅಡಗಿದ್ದು, ವಯಸ್ಸಿನಿಂದಲೋ ಔಷಧದಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ತಾವು ಹಿಂಜರಿಕೆಗೆ ಕಾರಣವೆಂದು ಹೇಳಿದ ಮಾತ್ರೆಯೇ ಲಸಿಕೆ ಬೇಕೆನ್ನುವುದಕ್ಕೂ ಕಾರಣವಾಗಿದೆ. ನಮ್ಮ ದೇಶಕ್ಕೆ 2023ರಲ್ಲಿ ಬಂದಿತಾದರೂ ಅಮೆರಿಕದಲ್ಲಿ ಇದಕ್ಕೆ 2017ರಲ್ಲೇ ಅನುಮತಿ ದೊರೆತಿತ್ತು. 50 ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಶೇ. 97ರಷ್ಟು ರಕ್ಷಣೆ ಕಂಡುಬಂದಿತ್ತು. ಆದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಸೇವಿಸುವವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಆ ಅಂಕಿಯನ್ನು ಹಾಗೆಯೇ ನಮಗೆ ಅನ್ವಯಿಸಿಕೊಳ್ಳುವುದು ಸರಿಯಲ್ಲ.

ಬಾವಿನ ಬಗ್ಗೆ ತಮ್ಮ ಅಂಜಿಕೆ ನಿರಾಧಾರವೇನಲ್ಲ. ಕೆಲವರಿಗೆ ಗಂಟುನೋವು ಸ್ವಲ್ಪ ಕಾಲ ಹೆಚ್ಚಿದ್ದುಂಟು, ಬಹುಪಾಲು ಸೌಮ್ಯವಾಗಿ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜಿನ 2022ರ ಮಾರ್ಗಸೂಚಿಯ ಪ್ರಕಾರ ಈ ಲಸಿಕೆಗಾಗಿ ಮೆಥೋಟ್ರೆಕ್ಸೇಟ್ ನಿಲ್ಲಿಸಬೇಕಾಗಿಲ್ಲ. ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟರೆ ಬಾವು ಬರುವುದು ಅದರಿಂದಲೇ.

ಉತ್ತರ (ಸಿದ್ದಾಪುರ):
ನಾನು ತತ್ಕಾಲಕ್ಕೆ ಮುಂದೂಡಿದ್ದೇನೆ. ನನ್ನ ಕಾಯಿಲೆ ಉಲ್ಬಣಿಸಿ ಸ್ಟೆರಾಯ್ಡ್ ಪ್ರಮಾಣ ದಿನಕ್ಕೆ 20 ಮಿಲಿಗ್ರಾಂ ದಾಟಿರುವುದರಿಂದ, ಅದು ಇಳಿಯುವವರೆಗೆ ಕಾಯುವಂತೆ ತಜ್ಞರು ತಿಳಿಸಿದ್ದಾರೆ. ರಿಟುಕ್ಸಿಮ್ಯಾಬ್ ಎಂಬ ಸಂಧಿವಾತದ ಇನ್ನೊಂದು ಔಷಧ ಪಡೆಯುವವರಿಗೂ ಸಮಯದ ಲೆಕ್ಕಾಚಾರ ಬೇರೆ. ಅಪರೂಪವಾದರೂ ಗಿಯಾನ್-ಬಾರೆ ಎಂಬ ನರದ ತೊಂದರೆಯ ಕುರಿತು 2021ರಲ್ಲಿ ಅಮೆರಿಕದಲ್ಲಿ ಈ ಲಸಿಕೆಯ ಮಾಹಿತಿಗೆ ಎಚ್ಚರಿಕೆ ಸೇರಿಸಲಾಗಿದೆ. ತಮಗೆ ಹಿಂದೆ ಅದು ಬಂದಿದ್ದರೆ ವೈದ್ಯರಿಗೆ ಹೇಳದಿರಬೇಡಿ.

ಉತ್ತರ (ಕಾರವಾರ):
ನನ್ನ ಪತಿಗೂ ಸಂಧಿವಾತವಿದ್ದು, ಎರಡೂ ಡೋಸು ಮುಗಿದಿವೆ. ತೋಳು ಎತ್ತಲಾರದಷ್ಟು ನೋವು, ಒಂದು ರಾತ್ರಿ ಚಳಿಜ್ವರ, ಗಂಟುಗಳಲ್ಲಿ ವ್ಯತ್ಯಾಸವಾಗಲಿಲ್ಲ. ಅಡಿಕೆ ಕೊಯ್ಲಿನ ನಡುವೆ ಹಾಕಿಸಿಕೊಂಡರೆ ಮರುದಿನ ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳುವುದು ಕಷ್ಟ. ಸಾಮಾನ್ಯವಾಗಿ ಡೋಸುಗಳ ನಡುವೆ 2ರಿಂದ 6 ತಿಂಗಳ ಅಂತರವಿರುತ್ತದೆ; ತಮ್ಮಂಥವರಿಗೆ ಅದನ್ನು ಕಡಿಮೆ ಮಾಡುವುದೂ ಉಂಟು. ಇದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಬೆಲೆಯೂ ಹೆಚ್ಚು. ಎರಡನೆಯದಕ್ಕೂ ಹಣ ಹೊಂದಿಸಿಕೊಂಡೇ ಆರಂಭಿಸಿ.

ಇನ್ನೊಂದು ಮಾತು: ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು, ಹೆಪ್ಪುಗಟ್ಟಲೂಬಾರದು. ಮಳೆಗಾಲದಲ್ಲಿ ಘಟ್ಟದ ಮೇಲೆ ದಿನಗಟ್ಟಲೆ ಕರೆಂಟು ಇರುವುದಿಲ್ಲವಾದ್ದರಿಂದ ಹುಬ್ಬಳ್ಳಿಯಿಂದ ಕೊಂಡುತಂದು ಮನೆಯ ಫ್ರಿಜ್‌ನಲ್ಲಿಡುವ ಯೋಚನೆ ಬೇಡ. ಎಲ್ಲಿ ದಾಸ್ತಾನು ಇದೆಯೋ ಅಲ್ಲಿಯೇ ಹಾಕಿಸಿಕೊಳ್ಳಿ.