ಸಹಾಯ ಬೇಕು: ಹಾಲಿನ ಕ್ಯಾನಿನಲ್ಲಿ ಹೂತಿಟ್ಟ ಕಾಗದಗಳ ಕುರಿತ ಪ್ರಬಂಧಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೆಯ ವರ್ಷದ ಇತಿಹಾಸ ವಿದ್ಯಾರ್ಥಿನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ನಡೆಸಿದ ಯೆಹೂದಿಗಳ ಹತ್ಯಾಕಾಂಡದ ಕುರಿತ ನನ್ನ ಪ್ರಬಂಧದ ಮೊದಲ ಕರಡನ್ನು ಗೈಡ್ ನೋಡಿಕೊಂಡು ಒಂದೇ ರಾತ್ರಿಯಲ್ಲಿ ಮುಗಿಸಿದ್ದೆ. ಸತ್ತವರು 60 ಲಕ್ಷ ಎಂಬ ಸಂಖ್ಯೆ ಅದರಲ್ಲಿ ಮೂರು ಕಡೆ ಇತ್ತು, ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ.

ಆಮೇಲೆ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲೂಮ್ ಮತ್ತು ಸಂಗಡಿಗರು ವಾರ್ಸಾ ಘೆಟ್ಟೋದೊಳಗೆ (ಪೋಲೆಂಡಿನ ರಾಜಧಾನಿಯಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಪ್ರದೇಶ) ಗುಟ್ಟಾಗಿ ಕೂಡಿಟ್ಟ ಸಂಗ್ರಹದ ಬಗ್ಗೆ ಓದಿದೆ. ದಿನಚರಿ, ಪಡಿತರ ಚೀಟಿ, ಶಾಲಾಮಕ್ಕಳ ಬರಹ, ಮಿಠಾಯಿ ಸುತ್ತಿದ ಕಾಗದವನ್ನೂ ಬಿಡದೆ ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ಅವರು ನೆಲದಲ್ಲಿ ಹೂತಿದ್ದರು. 1946ರಲ್ಲಿ ಒಂದು ಭಾಗ, 1950ರಲ್ಲಿ ಇನ್ನೊಂದು ಭಾಗ ಸಿಕ್ಕಿತು. 1942ರ ಆಗಸ್ಟ್‌ನಲ್ಲಿ ಪೆಟ್ಟಿಗೆಗಳನ್ನು ಹೂಳಲು ನೆರವಾದ ದಾವಿದ್ ಗ್ರಾಬರ್‌ಗೆ ಆಗ 19 ವರ್ಷ. ನನಗೂ ಈಗ ಅಷ್ಟೇ ವಯಸ್ಸು. ಕರಡನ್ನು ಹರಿದುಹಾಕಿ ಮೊದಲಿನಿಂದ ಬರೆಯುತ್ತಿದ್ದೇನೆ.

ನನ್ನ ಮುಖ್ಯ ತೊಡಕು ಒಂದು ಪದದ್ದು. ‘ನರಮೇಧ’ ಎಂದರೆ ಅಶ್ವಮೇಧದಂತೆ ಯಜ್ಞದ ಅರ್ಥ ಬರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಹಾಲೋಕಾಸ್ಟ್’ ಪದದ ಗ್ರೀಕ್ ಮೂಲದಲ್ಲಿಯೂ ಸುಟ್ಟು ಅರ್ಪಿಸುವ ಬಲಿಯ ಅರ್ಥವೇ ಇದೆ. ಕೊಂದದ್ದನ್ನು ಬಲಿ ಎನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಮಹಾವಿಪತ್ತು ಎಂಬ ಅರ್ಥದ ಹೀಬ್ರೂವಿನ ‘ಶೋವಾ’ ಪದವನ್ನೇ ಉಳಿಸಿಕೊಳ್ಳಲೇ, ಅಥವಾ ‘ಹತ್ಯಾಕಾಂಡ’ ಸಾಕೇ ಎಂಬುದನ್ನು ಭಾಷೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಪೋಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ವಾರ್ಸಾದ ಯೆಹೂದಿ ಇತಿಹಾಸ ಸಂಸ್ಥೆಯಲ್ಲಿ ಆ ಕ್ಯಾನನ್ನು ಕಣ್ಣಾರೆ ಕಂಡಿದ್ದರೆ, ಅದು ಹೇಗಿದೆ ಎಂದು ನಾಲ್ಕು ಸಾಲು ಬರೆದರೂ ಉಪಕಾರವಾಗುತ್ತದೆ. ಪ್ರಬಂಧ ಒಪ್ಪಿಸಲು ಇನ್ನು ಹನ್ನೆರಡು ದಿನಗಳಿವೆ.